ಮೂರು ಲೈಟು ಯಾಕ್ರೀ ಸಾವಿತ್ರಮ್ಮ?

ಸಾವಿತ್ರಮ್ಮ, ಒಂದ್ನಿಮಿಷ ಕಾಂಪೌಂಡ್ ಹತ್ರ ಬನ್ನಿ. ನಿನ್ನೆ ನಿಮ್ಮ ಮಗ ಬಂದಿದ್ದ. ಸೊಸೆ ಸೀರೆ ವ್ಯಾಪಾರ ಶುರು ಮಾಡ್ತಾಳಂತಲ್ಲ, ಫೋಟೋಗೆ ಲೈಟು ಬೇಕಂತೆ. ಮೂರು ಸಾಫ್ಟ್‌ಬಾಕ್ಸು, ಮೂರು ಸ್ಟ್ಯಾಂಡು, ಹಿಂದೆ ಕಟ್ಟೋ ಪರದೆ, ಎಲ್ಲಾ ಒಂದೇ ಡಬ್ಬದಲ್ಲಿ ಬರೋ ಸೆಟ್ಟು ತೋರಿಸಿ "ಹೇಗಿದೆ ಅಂಕಲ್?" ಅಂದ. ಮದುವೇಲಿ ಉಡುಗೊರೆ ಬಂದ ಪಾತ್ರೆ ಸೆಟ್ಟಿದ್ದ ಹಾಗಿದೆ ಕಣೋ, ಒಲೆ ಮೇಲೆ ಏರೋದು ಒಂದೇ, ಮಿಕ್ಕಿದ್ದು ಅಟ್ಟಕ್ಕೆ ಅಂದೆ. ಮುಖ ಸಣ್ಣಗೆ ಮಾಡ್ಕೊಂಡು ಹೋದ.

ಸ್ಟುಡಿಯೋ ಇಟ್ಟಿದ್ದವನು ನಾನು, ಲೈಟಿನ ಮೇಲೆ ನಂಗೇನು ದ್ವೇಷವೇ? ಆಗೆಲ್ಲ ಹ್ಯಾಲೋಜನ್ ಹಾಕಿದ್ರೆ ಮದುಮಗಳ ಪೌಡರು ಬೆವರಲ್ಲಿ ಇಳೀತಿತ್ತು. ಈಗಿನವರು ಪುಣ್ಯವಂತರು.

ಮೊದಲು ಇತ್ಯರ್ಥ ಆಗಬೇಕಾದ್ದು, ಫೋನಲ್ಲಿ ತೆಗೀತಾಳೋ ಕ್ಯಾಮೆರಾದಲ್ಲೋ? ಫೋನಾದ್ರೆ ಫ್ಲಾಶು ತಗೊಂಡ್ರೆ ದುಡ್ಡು ದಂಡ, ಮಾಮೂಲಿ ಫೋನಿಗೂ ಅದಕ್ಕೂ ತಾಳ ಕೂಡಲ್ಲ. ಸದಾ ಉರಿಯೋ ಎಲ್‌ಇಡಿನೇ ಬೇಕು. ಕ್ಯಾಮೆರಾ ಇದ್ರೆ ಗೊಡಾಕ್ಸ್ ಟಿಟಿ600 ತರಹದ ಮ್ಯಾನ್ಯುಯಲ್ ಫ್ಲಾಶು, ನಾಲ್ಕು ಎಎ ಸೆಲ್ಲು, ಕ್ಯಾಮೆರಾ ತಲೆ ಮೇಲೊಂದು ಟ್ರಿಗರು. ನಿಮ್ಮ ಮೊಮ್ಮಗ ಕುಣಿದಾಡಿದ್ರೂ ಫೋಟೋ ಕದಡಲ್ಲ. ಸೀರೆ ಕುಣಿಯಲ್ವಲ್ಲ, ಎಲ್‌ಇಡಿ ಸಾಕು ಬಿಡಿ.

ಅದರಲ್ಲೂ ವ್ಯಾಟ್ ನೋಡಿ ಮರುಳಾಗೋದು ಬೇಡ. ಬಣ್ಣ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಂಕ, ಸಿಆರ್‌ಐ, ಎಷ್ಟು ಅಂತ ಕೇಳ್ಲಿ, 95ಕ್ಕೆ ಕಮ್ಮಿ ಇದ್ರೆ ಕೈ ಮುಗಿದು ಬರ್ಲಿ. ಅಗ್ಗದ ಬಲ್ಬು ಏಟು ಹಾಕೋದೇ ಕೆಂಪು ಬಣ್ಣಕ್ಕೆ. ಕುಂಕುಮದ ಬಣ್ಣದ ಸೀರೆ ಫೋಟೋದಲ್ಲಿ ಇಟ್ಟಿಗೆ ಬಣ್ಣ ಆಗುತ್ತೆ, ತರಿಸ್ಕೊಂಡವರು ಬೈದು ವಾಪಸ್ ಕಳಿಸ್ತಾರೆ. ಲೈಟು 5600 ಕೆಲ್ವಿನ್ನಿಗೆ, ಅಂದ್ರೆ ಹಗಲು ಬೆಳಕಿನ ಬಣ್ಣಕ್ಕೆ, ಇಟ್ಟು ರೂಮಿನ ಟ್ಯೂಬ್‌ಲೈಟ್ ಆರಿಸೋಕೆ ಹೇಳಿ. ಎರಡು ಥರದ ಬೆಳಕು ಬೆರೆತ್ರೆ ಸೆರಗಿಗೊಂದು ಬಣ್ಣ, ಒಡಲಿಗೊಂದು ಬಣ್ಣ.

ಇನ್ನು ಬೆಳಕು ಮೆತ್ತಗಾಗೋದು. ಮೇಜಿನ ಮೇಲೊಂದು ಮೊಟ್ಟೆ ಇಡಿ. ಅಯ್ಯೋ, ಮುಖ ಹಿಂಡಬೇಡಿ, ನಿಂಬೆಹಣ್ಣೇ ಇಡಿ! ಬರೀ ಲೈಟು ಬಿಟ್ರೆ ನೆರಳಿನ ಅಂಚು ಬ್ಲೇಡಲ್ಲಿ ಕೊಯ್ದ ಹಾಗಿರುತ್ತೆ. ಲೈಟಿನ ಮುಂದೆ ಬಿಳೀ ಕೊಡೆ ಬಿಚ್ಚಿ ಹಣ್ಣಿನ ಹತ್ರ ತನ್ನಿ, ಅಂಚು ಎಲ್ಲಿ ಮುಗೀತು ಅಂತಲೇ ಗೊತ್ತಾಗಲ್ಲ. ಅದೇ ಕೊಡೇನ ರೂಮಿನ ಆ ಮೂಲೆಗೆ ಒಯ್ಯಿರಿ, ಅಂಚು ಮತ್ತೆ ಬಿಗಿಯಾಗುತ್ತೆ. ಜೊತೆಗೆ ದೂರ ಎರಡರಷ್ಟಾದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಹತ್ರ ಇಟ್ಕೊಳ್ಳೋರಿಗೆ ಸಣ್ಣ ಲೈಟೇ ದಂಡಿ. ಆದ್ರೆ ಸೀರೆ ಉಟ್ಟು ನಿಂತಾಗ ತೀರಾ ಹತ್ರ ಆದ್ರೆ ಭುಜ ಬೆಳ್ಳಗೆ, ನೆರಿಗೆ ಕತ್ತಲೆ. ಆಗ ಲೈಟು ಒಂದೆರಡು ಹೆಜ್ಜೆ ಹಿಂದಕ್ಕೆ, ನೆರಳಿನ ಪಕ್ಕ ಒಂದು ಥರ್ಮೋಕೋಲ್ ಶೀಟು. ಎರಡನೇ ಲೈಟಿನ ಕೆಲಸ ಸ್ಟೇಷನರಿ ಅಂಗಡೀದೇ ಮಾಡುತ್ತೆ.

ನಗ್ತೀರಾ? ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು, ಫಾಲ್ಕೆ ಪ್ರಶಸ್ತಿ ಬಂದ ಮೊದಲ ಛಾಯಾಗ್ರಾಹಕರು, 1959ರ 'ಕಾಗಜ್ ಕೆ ಫೂಲ್'ನಲ್ಲಿ ಮೇಲಿಂದ ಬೆಳಕಿನ ಕೋಲು ಇಳಿಸಿದ್ದು ಹೇಗೆ ಅಂದ್ಕೊಂಡ್ರಿ? ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನ ಸ್ಟುಡಿಯೋ ಒಳಕ್ಕೆ ತಿರುಗಿಸಿದ್ರು!

ಉಳಿದ ದುಡ್ಡು ಸ್ಟ್ಯಾಂಡಿಗೆ ಹೋಗ್ಲಿ. ಸೆಟ್ಟಲ್ಲಿ ಬರೋ ಕಡ್ಡಿಯಂಥ ಸ್ಟ್ಯಾಂಡು ಫ್ಯಾನಿನ ಗಾಳಿಗೇ ಕೊಡೆ ಸಮೇತ ಮಲಗುತ್ತೆ. ಭಾರ ವಾಲಿರೋ ಕಡೆಗೆ ಒಂದು ಕಾಲು ಚಾಚಿಸಿ, ಮರಳಿನ ಚೀಲ ಹೇರಬೇಕು. ಮರಳಿಲ್ಲದಿದ್ರೆ ನಿಮ್ಮ ಸೋನಾಮಸೂರಿ ಚೀಲ.

ದುಡ್ಡು ಬಿಚ್ಚೋ ಮುಂಚೆ ಒಂದು ವಾರ ನಿಮ್ಮ ನಡುಮನೆ ಕಿಟಕಿಗೆ ಬಿಳೀ ಪಂಚೆ ಕಟ್ಟಿ ತೆಗೀಲಿ, ಏನು ಸಾಲದು ಅಂತ ಅವಳಿಗೇ ತಿಳಿಯುತ್ತೆ. ಪಂಚೆ ನಾನೇ ಕೊಡ್ತೀನಿ. ನಿಮ್ಮ ಯಜಮಾನರದ್ದು ಬೇಡ, ನೀಲಿ ಹಾಕಿ ಹಾಕಿ ಅದರ ಬಣ್ಣವೇ ಕೆಟ್ಟಿದೆ.