ಕಂಬಂ ಕಣಿವೆಯಲ್ಲಿ ಕಪ್ಪೆಚಿಪ್ಪು ಸಾಕುವವರಿಗೆ ಶಾಸ್ತ್ರಾಧಾರ

ಶಾಸ್ತ್ರಗ್ರಂಥ ಬರೆಯುವವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥಕ್ಕೆ ಅಧಿಕಾರಿ ಬೋಡಿನಾಯಕನೂರಿನ ನಮ್ಮ ಭಾವ. ಏಲಕ್ಕಿ ವ್ಯಾಪಾರದಲ್ಲಿ ಕೈತುಂಬ ಕಂಡ ಮೇಲೆ ಹಜಾರದಲ್ಲೊಂದು ಸಮುದ್ರ ಇಟ್ಟುಕೊಳ್ಳಬೇಕೆಂಬ ಜಿಜ್ಞಾಸೆ ಅವರಲ್ಲಿ ಹುಟ್ಟಿದೆ. ವಿಷಯ, ಆ ಸಮುದ್ರದಲ್ಲಿ ಕೂರಬೇಕಾದ ಕಪ್ಪೆಚಿಪ್ಪು. ಸಂಬಂಧ, ಅವರು ನನ್ನ ಅಕ್ಕನ ಗಂಡ. ಪ್ರಯೋಜನದ ಬಗ್ಗೆ ಆ ದಂಪತಿಗಳಲ್ಲಿ ಮತಭೇದವಿದೆ.

ಭಾವನ ಪೂರ್ವಪಕ್ಷ ಹೀಗೆ: ಪಡುವಣಕ್ಕೆ ಹರಿಯುತ್ತಿದ್ದ ಪೆರಿಯಾರ್ ನದಿಯನ್ನು ಪೆನ್ನಿಕ್ವಿಕ್ ಸಾಹೇಬರು ಅಣೆಕಟ್ಟು ಕಟ್ಟಿ, ಬೆಟ್ಟ ಕೊರೆದು, 1895ರಲ್ಲಿ ಈ ಕಣಿವೆಗೆ ಇಳಿಸಿದರು. ನದಿಯೇ ದಿಕ್ಕು ಬದಲಿಸಿದ ಊರಲ್ಲಿ 200 ಲೀಟರ್ ಸಮುದ್ರ ಯಾವ ಲೆಕ್ಕ? ವಾದ ಬಲವಾಗಿಯೇ ಇದೆ. ದೋಷ ಒಂದೇ: ಸಾಹೇಬರು ತಂದದ್ದು ಸಿಹಿನೀರು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. 200 ಲೀಟರಿಗೆ 7 ಕಿಲೋ. ತೂತ್ತುಕುಡಿಯ ಉಪ್ಪಿನ ಮೂಟೆ ತರಿಸಿದರಾಯಿತು ಎಂದು ಭಾವ ಹೊರಟಿದ್ದರು. ಅಡುಗೆ ಉಪ್ಪು ಬಹುಪಾಲು ಸೋಡಿಯಂ ಕ್ಲೋರೈಡು. ಕಪ್ಪೆಚಿಪ್ಪು ಮನೆ ಕಟ್ಟುವುದು ಕ್ಯಾಲ್ಸಿಯಂನಿಂದ, ಅದೂ ಲೀಟರಿಗೆ 400 ಮಿಲಿಗ್ರಾಂಗೆ ಕಡಿಮೆಯಾಗದಂತೆ. ಅದಕ್ಕೆಂದೇ ಬೆರೆಸಿದ ಉಪ್ಪು ಬೇರೆ ಬರುತ್ತದೆ. ಇನ್ನು ನೀರು ಆವಿಯಾಗಿ ಹೋದರೂ ಉಪ್ಪು ಅಲ್ಲೇ ಉಳಿಯುವುದರಿಂದ, ದಿನದ ಕೊರತೆಯನ್ನು ಉಪ್ಪಿಲ್ಲದ ಆರ್‌ಒ ನೀರಿನಲ್ಲಿ ತುಂಬಬೇಕು. ಬತ್ತಿದ ಸಾರಿಗೆ ಯಾರಾದರೂ ಮತ್ತೆ ಉಪ್ಪು ಹಾಕುತ್ತಾರೆಯೇ ಎಂದು ಅಕ್ಕ ಈ ಸೂತ್ರವನ್ನು ಒಂದೇ ಏಟಿಗೆ ಒಪ್ಪಿದಳು. ಭಾವನಿಗೆ ಭಾಷ್ಯ ಬೇಕಾಯಿತು. ನೀರನ್ನು 26 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕು, ಬೋಡಿಯ ಬೇಸಿಗೆಯಲ್ಲಿ ಅದಕ್ಕೊಂದು ಚಿಲ್ಲರ್, ಕರೆಂಟು ಹೋದರೆ ಅದಕ್ಕೊಂದು ಇನ್ವರ್ಟರ್ ಎಂಬ ಉಪಸೂತ್ರಗಳನ್ನು ಖರ್ಚಿನ ದೃಷ್ಟಿಯಿಂದ ಇಲ್ಲಿ ವಿಸ್ತರಿಸಿಲ್ಲ.

ಇನ್ನು ಜಾತಿನಿರ್ಣಯ. ಟ್ರೈಡಾಕ್ನಾ ಕುಲದಲ್ಲಿ ಕ್ರೋಸಿಯಾ, ಮ್ಯಾಕ್ಸಿಮಾ ರೂಪವಂತರು. ನೀಲಿ, ಹಸಿರು, ನೇರಳೆ, ನೋಡಿದವರು ಸೋಲುತ್ತಾರೆ. ಆದರೆ ಪ್ರಖರ ಬೆಳಕಿಲ್ಲದಿದ್ದರೆ ಸೊರಗುತ್ತವೆ. ಇವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಿದ್ದು, ಬೆಳಕಿನಲ್ಲಿ ಅಡುಗೆ ಮಾಡಿ ಯಜಮಾನನಿಗೂ ಬಡಿಸುತ್ತದೆ. ಹೊಸಬರಿಗೆ ಹೇಳಿದ್ದು ಡೆರಾಸಾ. ಬಣ್ಣ ಸಾಧಾರಣ, ಸ್ವಭಾವ ಸಾಧು, ಬೆಳಕು ತುಸು ಹೆಚ್ಚುಕಡಿಮೆಯಾದರೂ ಸಹಿಸುತ್ತದೆ. ಪೆಸಿಫಿಕ್ಕಿನ ಪಲಾವು ದ್ವೀಪಗಳಲ್ಲಿ (ದಿಂಡುಗಲ್ಲಿನ ಓದುಗರು ಊಟ ಮುಗಿಸಿಕೊಂಡು ಮುಂದುವರಿಯುವುದು) ಇದನ್ನು ಮರಿಯಿಂದ ಸಾಕಿ ಬೆಳೆಸುತ್ತಾರೆ. ಅರ್ಧ ಮೀಟರು ದಾಟಿ ಬೆಳೆಯುವ ಪ್ರಾಣಿ ಎಂಬುದನ್ನು ಮಾರುವವರು ಕೊನೆಗೆ ಹೇಳುತ್ತಾರೆ.

ಹತ್ತು ಡೆರಾಸಾ ಇಟ್ಟರೆ ಯಾವುದನ್ನು ಆರಿಸುವುದು? ಇಲ್ಲಿ ಭಾವ ತಮ್ಮ ಕುಲದ ಪ್ರಮಾಣವನ್ನೇ ಎತ್ತಿದರು. ತುಂಗಭದ್ರೆಯ ಆಚೆ ದಡದಿಂದ ಬಂದವರೆಂಬ ಐತಿಹ್ಯವುಳ್ಳ, ಮನೆಯಲ್ಲಿ ಇಂದಿಗೂ ಕನ್ನಡವಾಡುವ ಕಾಪ್ಪಿಲಿಯರು ಕಂಬಂನಲ್ಲಿ ದೇವರ ದನಗಳ ಹಿಂಡೊಂದನ್ನು ಕಾಯ್ದುಕೊಂಡು ಬಂದಿದ್ದಾರೆ. ಪಟ್ಟದ ಹೋರಿ ತೀರಿಕೊಂಡಾಗ ಶುಭದಿನ ನೋಡಿ, ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಮೊದಲು ಬಂದು ಬಾಯಿಹಾಕಿದ ಹೋರಿಗೆ ಪಟ್ಟ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಥರ್ಸ್ಟನ್ ಬರೆದ 1909ರ ಸಂಪುಟಗಳಲ್ಲೂ ಇದು ದಾಖಲಾಗಿದೆ. ಅದರಂತೆ ಕಪ್ಪೆಚಿಪ್ಪಿನ ಮುಂದೆ ಏನನ್ನಾದರೂ ಇಟ್ಟು ಕಾಯೋಣ ಎಂದು ಭಾವ.

ಸಿದ್ಧಾಂತ: ವಿಧಿ ಸರಿ, ದಿಕ್ಕು ತಿರುಗುಮುರುಗು. ಗಾಜಿನ ಮೇಲೆ ಅಂಗೈ ಆಡಿಸಿ ನೆರಳು ಬೀಳಿಸಬೇಕು. ಚಿಪ್ಪಿನಾಚೆ ಚೆಲ್ಲಿದ ಬಣ್ಣದ ಸೆರಗನ್ನು ತಟ್ಟನೆ ಒಳಗೆಳೆದುಕೊಂಡದ್ದು ಆರೋಗ್ಯವಂತ. ಹೋರಿಗೆ ಮುಂದೆ ಬಂದದ್ದಕ್ಕೆ ಪಟ್ಟ, ಇದಕ್ಕೆ ಹಿಂದೆ ಸರಿದದ್ದಕ್ಕೆ. ನೀರೆಳೆಯುವ ಕಂಡಿ ಆ ಎಂದು ಬಾಯಿಬಿಟ್ಟುಕೊಂಡೇ ಇದ್ದರೆ ಬೇಡ. 5 ಸೆಂಟಿಮೀಟರಿಗಿಂತ ಚಿಕ್ಕದು ಬೇಡ. ಬುಡದ ನಾರಿನಿಂದ ಕಲ್ಲಿಗೆ ಅಂಟಿಕೊಂಡಿದ್ದರೆ ಕಿತ್ತುಕೊಡುವ ಅಂಗಡಿಯವನೂ ಬೇಡ. ಕಲ್ಲು ಸಮೇತ ತರಬೇಕು. ಚಿಪ್ಪಿನ ಅಡಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಹುಳು ಕಂಡರೆ ಅದು ರಕ್ತ ಹೀರುವ ಶಂಖದ ಜಾತಿ, ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕು.

ಇಷ್ಟು ದೂರ ಬಂದ ಶಾಸ್ತ್ರ ಇಲ್ಲಿ ಗೋಡೆಗೆ ಬಡಿಯಿತು. ನಮ್ಮ ಕಡಲಿನ ಮ್ಯಾಕ್ಸಿಮಾ, ಸ್ಕ್ವಾಮೋಸಾ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿ ಕೂತಿವೆ, ಕಲ್ಲುಹವಳಗಳ ಜೊತೆಗೆ. ಮೇಘಮಲೆಯ ಹುಲಿಯೂ ಅದೇ ಪಟ್ಟಿಯಲ್ಲಿದೆ. ಹಜಾರದಲ್ಲಿ ಸಾಕುವುದೇ ಆದರೆ ಹುಲಿಗಾದರೂ ಸಾಗಣೆ ವೆಚ್ಚ ಕಡಿಮೆ ಎಂದು ಅಕ್ಕ. ಹೊರದೇಶದ ಡೆರಾಸಾ ತರಿಸುವುದಾದರೂ ಇಡೀ ಕುಲವೇ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಆಮದಿಗೆ ಕಾಗದ, 2022ರ ತಿದ್ದುಪಡಿಯ ಮೇಲೆ ಇಟ್ಟುಕೊಂಡದ್ದಕ್ಕೆ ನೋಂದಣಿ. ಅಷ್ಟು ಕಾಗದ ಕೂಡಿಸಬಲ್ಲವನು ಹೊಸಬನೆನಿಸಿಕೊಳ್ಳುವುದಿಲ್ಲ. ಆದ್ದರಿಂದ ಹೊಸಬರಿಗೆ ತಕ್ಕ ಡೆರಾಸಾ ಎಂಬುದು ವದತೋವ್ಯಾಘಾತ.

ಭಾವ ಸೋಲೊಪ್ಪದೆ ಕೆರೆಯ ಲ್ಯಾಮೆಲ್ಲಿಡೆನ್ಸಿಗೆ ಇಳಿದರು. ಕಪ್ಪು ಮೈಯ, ಕೆಸರಲ್ಲಿ ಹೂತುಕೊಳ್ಳುವ ಸಿಹಿನೀರಿನ ಚಿಪ್ಪು. ಉಪ್ಪು ಬೇಡ, ಚಿಲ್ಲರ್ ಬೇಡ. ತೊಡಕಿರುವುದು ಅದರ ಗುಣದಲ್ಲೇ: ನೀರನ್ನು ಸೋಸಿ ಪಾಚಿಕಣ ತಿನ್ನುವ ಪ್ರಾಣಿ, ಟ್ಯಾಂಕನ್ನು ತಿಳಿ ಮಾಡಿಬಿಟ್ಟು ತಾನು ಉಪವಾಸ ಬೀಳುತ್ತದೆ. ಬದುಕಬೇಕೆಂದರೆ ನೀರು ಹಸಿರುಗಟ್ಟಿರಬೇಕು. ಹಸಿರುಗಟ್ಟಿದರೆ ಬಂದವರಿಗೆ ಕಾಣಿಸುವುದಿಲ್ಲ. ದಿನಕ್ಕೆ ನಾಲ್ಕು ಸಲ ಕೈ ಇಳಿಸಿ ಎತ್ತಿ ತೋರಿಸುತ್ತಿದ್ದ ಭಾವನಿಂದ ಅದನ್ನು ಕಾಪಾಡಲು ಅಕ್ಕ ದಿಂಡುಗಲ್ಲಿನ ಬೀಗ ತರಿಸಿ ಮುಚ್ಚಳಕ್ಕೆ ಹಾಕಿದ್ದಾಳೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಬೀಗ ಅದು. ಪಿನ್ನು ತೂರಿಸಿ ನೋಡಿದ ಭಾವ ಅದರ ಪ್ರಾಮಾಣ್ಯವನ್ನು ಒಪ್ಪಿದ್ದಾರೆ.

ಉಳಿದದ್ದು ಒಂದೇ ಪ್ರಶ್ನೆ: ಕಾಣದ, ಕದಲದ, ಮುಟ್ಟಲೂ ಬಿಡದ ಈ ಜೀವ ಇದೆಯೋ ಹೋಯಿತೋ ತಿಳಿಯುವುದು ಹೇಗೆ? ನೈಯಾಯಿಕರು ಪ್ರತ್ಯಕ್ಷವನ್ನು ಆರು ಬಗೆ ಮಾಡಿದ್ದಾರೆ, ಅದರಲ್ಲಿ ಘ್ರಾಣಜವೂ ಒಂದು. ಸತ್ತ ಚಿಪ್ಪು ಒಂದೇ ರಾತ್ರಿಯಲ್ಲಿ ನೀರನ್ನೆಲ್ಲ ಕೆಡಿಸುವುದರಿಂದ ಆ ಜ್ಞಾನ ಬೆಳಗಿನ ಜಾವಕ್ಕೆ, ಮೊದಲು ಎದ್ದವರಿಗೆ ಆಗುತ್ತದೆ. ಆ ಮನೆಯಲ್ಲಿ ಮೊದಲು ಏಳುವವಳು ಅಕ್ಕ. ಬೀಗದ ಕೈ ಇರುವುದೂ ಅವಳ ಸೊಂಟದಲ್ಲೇ.