ಏಣಿಯೂ ಚಾಂಪಿಯನ್!

ಜಪಾನಿನಲ್ಲಿ ಡಿಡಿಟಿ ಎಂಬ ಕುಸ್ತಿ ಕಂಪನಿಯಿದೆ, 1997ರಲ್ಲಿ ಶುರುವಾದದ್ದು. ಅದರ 'ಐರನ್‌ಮ್ಯಾನ್ ಹೆವಿಮೆಟಲ್‌ವೇಟ್' ಪಟ್ಟಕ್ಕೆ ಹೊತ್ತುಗೊತ್ತಿಲ್ಲ. ರೆಫರಿ ಹಾಜರಿದ್ದರಾಯಿತು, ಯಾರು ಬೇಕಾದರೂ ಎಲ್ಲಿ ಬೇಕಾದರೂ ಚಾಂಪಿಯನ್ನನನ್ನು ಚಿತ್ ಮಾಡಿ ಬೆಲ್ಟ್ ಕಸಿಯಬಹುದು. ಹೀಗಾಗಿ ಏಣಿಯೊಂದು ಚಾಂಪಿಯನ್ ಆಗಿದೆ. ಬೆಕ್ಕೂ ಆಗಿದೆ. ಬೆಕ್ಕಾದರೂ ಪರಚೀತು ಅನ್ನೋಣ, ಏಣಿ ಯಾವ ಗರಡಿಯಲ್ಲಿ ಸಾಮು ಮಾಡಿತ್ತೋ!

ಡಿಡಿಟಿಯ ಪೈಲ್ವಾನರಲ್ಲೊಬ್ಬ ಯೋಶಿಹಿಕೊ. ಮೈತುಂಬ ಬರೀ ಗಾಳಿ, ಏಕೆಂದರೆ ಅದು ಗೊಂಬೆ. ಕುಸ್ತಿಪಟು ಕೋಟಾ ಇಬುಶಿ ಅದರೊಂದಿಗೆ ಸೆಣಸಿದ್ದನ್ನು ನೋಡಬೇಕು. ಗೊಂಬೆಯ ತೋಳನ್ನು ತನ್ನ ಕುತ್ತಿಗೆಗೆ ತಾನೇ ಸಿಕ್ಕಿಸಿಕೊಳ್ಳುತ್ತಾನೆ, ಬಿಡಿಸಿಕೊಳ್ಳಲು ಒದ್ದಾಡುತ್ತಾನೆ, ಗೊಂಬೆಯೇ ಎತ್ತಿ ಒಗೆದಂತೆ ಪಲ್ಟಿ ಹೊಡೆದು ತಲೆಕೆಳಗಾಗಿ ದಡಾರನೆ ಬೀಳುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಪೆಟ್ಟು ಮಾತ್ರ ಅಸಲಿ. ಇದೇ ಇಬುಶಿ 2021ರ ಜನವರಿಯಲ್ಲಿ ಟೋಕಿಯೊ ಡೋಮ್‌ನಲ್ಲಿ ಐಡಬ್ಲ್ಯುಜಿಪಿ ಹೆವಿವೇಟ್ ಎಂಬ ದೊಡ್ಡ ಪಟ್ಟವನ್ನೇ ಗೆದ್ದ.

ನಮ್ಮ ಮಟ್ಟಿಯ ಉಸ್ತಾದರು ಇದನ್ನು ಕುಸ್ತಿಯೆಂದು ಒಪ್ಪಲಿಕ್ಕಿಲ್ಲ. ನನಗಂತೂ ಒಪ್ಪಿಗೆ. ಎದುರಾಳಿ ಪೈಲ್ವಾನನಾದರೆ ಅರ್ಧ ಕೆಲಸ ಅವನೇ ಮಾಡುತ್ತಾನೆ, ಗೊಂಬೆಯಾದರೆ ಎರಡೂ ಪಾಲು ನಮ್ಮದೇ. ಅನುಮಾನವಿದ್ದರೆ ಮನೆಯ ದಿಂಬಿನ ಕೈಲಿ ಐದು ನಿಮಿಷ ಸೋತು ತೋರಿಸಿ ನೋಡಿ.