ಜೆರಾಕ್ಸ್ ಹೊತ್ತ ಚೀಲದ ಸಂದರ್ಶನ

ಅಂಗವಿಕಲರಿಗೆ ಸರ್ಕಾರಿ ಸೌಲಭ್ಯ ಕೊಡಿಸಲು ಓಡಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಗೌರವಧನದ ಗೋಳು ನಿಮಗೆ ಗೊತ್ತಿದ್ದದ್ದೇ. ಅವರನ್ನೇ ಕೇಳೋಣವೆಂದರೆ ಒಬ್ಬರೂ ಬಿಡುವಾಗಿ ಸಿಗಲಿಲ್ಲ. ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಅವರಲ್ಲೊಬ್ಬರ ಚೀಲ ಮಾತ್ರ ಕೂತಿತ್ತು. ಅದನ್ನೇ ಮಾತಿಗೆಳೆದೆ.

ನಾನು: ನಮಸ್ಕಾರ. ಮೊದಲು ಪಂಚಾಯ್ತಿ ಕಟ್ಟಡದ ರ‍್ಯಾಂಪ್ ಬಗ್ಗೆ...

ಚೀಲ: ಜೆರಾಕ್ಸ್ ಬಗ್ಗೆ ಕೇಳಿ ಸಾರ್. ಆಧಾರ್ ಎರಡು, ರೇಷನ್ ಕಾರ್ಡ್ ಎರಡು, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೊ ನಾಲ್ಕು. ಪಿಂಚಣಿಗೊಂದು ಸೆಟ್ಟು, ಬಸ್ ಪಾಸಿಗೆ ಬೇರೆ. ಅಂಗವಿಕಲರಿಗೆ ಯುಡಿಐಡಿ ಗುರುತಿನ ಕಾರ್ಡ್ ತಂದಾಗ ಸರ್ಕಾರ ಏನಂದಿತ್ತು? ಇನ್ನು ಪ್ರತಿಗಳನ್ನ ಹೊತ್ತು ತಿರುಗಬೇಕಿಲ್ಲ, ಒಂದೇ ಗುರುತಿನ ಸಂಖ್ಯೆ ಸಾಕು ಅಂತ. ಈಗ ಆ ಕಾರ್ಡಿನದ್ದೂ ಜೆರಾಕ್ಸ್ ಕೇಳ್ತಾರೆ. ಹಿಂದೆ ಮುಂದೆ ಎರಡೂ ಕಡೆ!

ನಾನು: ನಿಮ್ಮನ್ನು ಹೊತ್ತು ತಿರುಗುವ ಅಕ್ಕನ ಕೆಲಸ ಕಾಯಂ ಅಲ್ಲ. ಅದರ ಬಗ್ಗೆ ಬೇಸರವಿಲ್ಲವೆ?

ಚೀಲ: ಅದಿರಲಿ. ಜೆರಾಕ್ಸಿನಲ್ಲಿ ಫೋಟೊ ಕಪ್ಪಗೆ ಬಂದ್ರೆ ‘ಇದು ಅವರೇನಾ?’ ಅಂತ ಅರ್ಜಿ ವಾಪಸ್. ಎದುರಿಗೆ ಅವರೇ ಬಂದು ಕೂತಿರ್ತಾರೆ.

ನಾನು: ಒಳಗೆ ಬಂದದ್ದಾದರೂ ಹೇಗೆ? ರ‍್ಯಾಂಪಿನ ಇಳಿಜಾರು 1:12 ಇರಬೇಕು. ಒಂದೂವರೆ ಅಡಿ ಜಗಲಿಗೆ 18 ಅಡಿ ಉದ್ದ. ನಾನು ಕಂಡವನ್ನು ಮೇಕೆಯೂ ಯೋಚಿಸಿಯೇ ಹತ್ತಬೇಕು. ಪಂಚಾಯ್ತಿಯಲ್ಲಿ ಅಂಗವಿಕಲರಿಗೆಂದೇ ಮೀಸಲಿಟ್ಟ ಶೇ. 5ರ ಅನುದಾನ...

ಚೀಲ: ಪುಟಕ್ಕೆ ಎರಡು ರೂಪಾಯಿ ಸಾರ್. ಯಾರ ಕೈಯಿಂದ ಹೋಗುತ್ತೆ ಕೇಳಿ.

ನಾನು: ಯಾರ ಕೈಯಿಂದ?

ಚೀಲ: ನಮ್ಮಕ್ಕಂದೇ. ಈ ಕೆಲಸಕ್ಕೆ ಅಂಗವಿಕಲರನ್ನೇ ಹುಡುಕಿ ತಗೊಂಡ್ರಲ್ಲ, ಅವಳದೂ ಪೋಲಿಯೊ ಕಾಲು. ಹಾಸಿಗೆ ಬಿಟ್ಟೇಳದ ಹುಡುಗ ಒಬ್ಬ. ಅವನಮ್ಮನ್ನ ಒಪ್ಪಿಸಿ, ಆಟೊ ಮಾಡಿಸಿ, ಸರ್ಟಿಫಿಕೇಟಿಗೆ ಆಸ್ಪತ್ರೆಗೆ ಕರ್ಕೊಂಡು ಹೋದ್ಲು. ಡಾಕ್ಟ್ರು ರಜ. ಮುಂದಿನ ವಾರ ಹೋದ್ರೆ ಸರ್ವರ್ ಡೌನ್. ಅವನಮ್ಮ ಅಲ್ಲೇ ನಿಂತು ಬೈದ್ಲು. ಆಸ್ಪತ್ರೆಯವರನ್ನಲ್ಲ, ನಮ್ಮಕ್ಕನ್ನ. ಆಟೊ ದುಡ್ಡು ಸಾಲ ಮಾಡಿ ತಂದಿದ್ಲು ಪಾಪ, ಇನ್ಯಾರನ್ನ ಬೈತಾಳೆ? ಸೌಲಭ್ಯ ಬಂದ್ರೆ ಫೋಟೊಗೆ ನಿಲ್ಲೋಕೆ ಸಾಹೇಬ್ರು ಬರ್ತಾರೆ. ಬರದಿದ್ರೆ ಮುಖ ತೋರಿಸೋಕೆ ಇವಳೊಬ್ಳು. 2016ರ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನ 7ರಿಂದ 21ಕ್ಕೆ ಏರಿಸ್ತು. ಏರಿಸಲೇಬೇಕಿತ್ತು. ಮನೆಮನೆ ಅಲೆಯೋಕೆ ಜನ ಎಷ್ಟು ಏರಿಸಿದ್ರಿ? ಇವತ್ತಿಗೂ ಪಂಚಾಯ್ತಿಗೆ ಒಬ್ರೇ.

ನಾನು: ...

ಚೀಲ: ಬರ್ಕೊಳ್ಳಿ. ಸುಮ್ನೆ ಯಾಕೆ ಕೂತ್ರಿ?

ನಾನು: ಬರೆದುಕೊಂಡೆ. ಹಾಗಾದರೆ ರ‍್ಯಾಂಪ್...?

ಚೀಲ: ಇದೆಯಲ್ಲ ಸಾರ್. ಕೆಳಗಡೆ ಅಡ್ಡಕ್ಕೆ ಬೈಕು, ಮೇಲ್ಗಡೆ ಬಾಗಿಲಿಗೆ ಬೀಗ. ಕೀ ಇಟ್ಕೊಂಡೋರು ಮೀಟಿಂಗಿಗೆ ಹೋಗಿದಾರೆ. ಅಗೋ, ಅಕ್ಕ ಬಂದ್ಲು. ರ‍್ಯಾಂಪಿನ ವಿಷಯ ಅರ್ಜಿ ಕೊಡೋದಿದ್ರೆ ಈಗ್ಲೇ ಕೊಡಿ. ಆಧಾರ್ ಎರಡು ಪ್ರತಿ.